ಚೀಟಿಯ ಮೇಲಿನ ಅಳತೆ

ಅಕ್ಟೋಬರ್ ಹನ್ನೊಂದು, ಶನಿವಾರ, ಬೆಳಿಗ್ಗೆ ಒಂಬತ್ತು ಗಂಟೆ ನಲವತ್ತು ನಿಮಿಷ. ಅಂಗಡಿ ತೆರೆಯಲು ಇನ್ನೂ ಇಪ್ಪತ್ತು ನಿಮಿಷವಿತ್ತು. ಅರ್ಧ ಎತ್ತಿದ್ದ ಷಟರಿನ ಕೆಳಗೆ ಬಗ್ಗಿ ಕಟ್ಟಡದ ಯಜಮಾನರು ಒಳಗೆ ಬಂದರು. ಕುರ್ಚಿ ಎಳೆದುಕೊಟ್ಟರೂ ಕೂರಲಿಲ್ಲ. ಹಳೆಯ ಕೋಟುಗಳ ಸಾಲಿನ ಪಕ್ಕ ನಿಂತು, ಮನೆಯಿಂದ ಉರುಹೊಡೆದು ಬಂದವರ ಹಾಗೆ ಒಂದೇ ಉಸಿರಿಗೆ ಹೇಳಿದರು.

"ಮೊಬೈಲ್ ಅಂಗಡಿಯೋರು ಮತ್ತೆ ಬಂದಿದ್ರು. ಈ ಜಾಗ ಅವರಿಗೆ ಬೇಕಂತೆ. ನಿಮ್ಮ ಬಾಡಿಗೆ ಬಗ್ಗೆ ನನ್ನ ತಕರಾರಿಲ್ಲ, ಒಂದು ದಿನವೂ ತಪ್ಪಿಲ್ಲ. ಆದ್ರೆ ಜನ ಬರ್ತಿಲ್ಲ. ಮುಂದಿನ ಅಂಗಡೀನೇ ನೊಣ ಹೊಡೀತಿದ್ರೆ ಹಿಂದಿನ ಅಂಗಡಿಗೆ ಯಾರು ಬರ್ತಾರೆ? ಕ್ಷೌರದೋನು, ಪುಸ್ತಕದೋನು ಇಬ್ರೂ ನನ್ನ ತಲೆ ತಿಂತಿದಾರೆ."

"ಎಷ್ಟು ಜನ ಬರ್ಬೇಕು ಸಾರ್?" ಎಂದೆ. ಸಂಖ್ಯೆಯಿಲ್ಲದ ಮಾತು ನನಗೆ ಆಗಿಬರುವುದಿಲ್ಲ.

ಅವರು ಸ್ವಲ್ಪ ಯೋಚಿಸಿದರು. "ನೂರೈವತ್ತು. ನವೆಂಬರ್ ಒಂದು, ಶನಿವಾರ. ಹತ್ತರಿಂದ ಆರರ ಒಳಗೆ ನೂರೈವತ್ತು ಗಿರಾಕಿಗಳು ಈ ಬಾಗಿಲು ದಾಟ್ಬೇಕು. ದಾಟಿದ್ರೆ ನೀವಿರಿ. ಇಲ್ಲಾಂದ್ರೆ ತಿಂಗಳ ಕೊನೆಗೆ ಖಾಲಿ ಮಾಡಿ."

ಹಿಂದಿನ ಶನಿವಾರ ಬಂದವರು ಎಂಬತ್ತಮೂರು ಜನ.

"ಜನ ಏನು ಇರುವೆಗಳಾ ಸಾರ್," ಎಂದರು ಅತ್ತಿಗೆ ಒಳಗಿನಿಂದಲೇ, "ಸಕ್ಕರೆ ಚೆಲ್ಲಿದ ತಕ್ಷಣ ಸಾಲು ಕಟ್ಟೋಕೆ?"

"ಸಕ್ಕರೆ ಮಾತು ನನ್ನ ಹತ್ರ ಎತ್ಬೇಡಿ ಅಮ್ಮಾ," ಎಂದು ಅವರು ಮುಖ ಹುಳ್ಳಗೆ ಮಾಡಿಕೊಂಡರು. ಅತ್ತಿಗೆ ಫ್ಲಾಸ್ಕಿನಿಂದ ಬಗ್ಗಿಸಿ ತಂದ ಚಹಾ ಮುಟ್ಟದೆ ಹೊರಟುಹೋದರು.

ಅಂಗಡಿ ಹೋದರೆ ಅತ್ತಿಗೆಗೆ ಬೇರೆ ಕೆಲಸವಿಲ್ಲ. ಮೂವತ್ತೊಂದು ವರ್ಷ ಬಟ್ಟೆ ಹೊಲಿದವರು. ಐದು ವರ್ಷಗಳ ಹಿಂದೆ ಬಲಗೈ ನಡುಗಲು ಶುರುವಾಯಿತು. ಸೂಜಿಗೆ ದಾರ ಪೋಣಿಸಲಾಗದ ದರ್ಜಿಯ ಬಳಿ ಯಾರು ಬರುತ್ತಾರೆ? ಮಾರನೆಯ ವರ್ಷ ನಾವಿಬ್ಬರೂ ಸೇರಿ ಈ ಹಳೆ ಬಟ್ಟೆಯ ಅಂಗಡಿ ಹಾಕಿದೆವು. ಅಣ್ಣ ವಾರಕ್ಕೊಮ್ಮೆ ವ್ಯಾನಿನಲ್ಲಿ ಮನೆಮನೆ ತಿರುಗಿ ಬಟ್ಟೆ ತರುತ್ತಾನೆ. ಅತ್ತಿಗೆ ಆರಿಸಿ, ಅಳೆದು, ಚೀಟಿ ಬರೆಯುತ್ತಾರೆ. ಗಿರಾಕಿಗಳನ್ನು ತರುವುದೂ ಉಳಿಸಿಕೊಳ್ಳುವುದೂ ನನ್ನ ಪಾಲು. ನಾನು ಭೌತಶಾಸ್ತ್ರ ಓದಿ ಎಂಟು ವರ್ಷ ಕಾಲೇಜಿನ ಪ್ರಯೋಗಾಲಯದಲ್ಲಿ ಇದ್ದವಳು. ವ್ಯಾಪಾರ ಗೊತ್ತಿರಲಿಲ್ಲ, ಎಣಿಸಲು ಗೊತ್ತಿತ್ತು.

ನಾಲ್ಕು ಮೀಟರ್ ಅಗಲ, ಒಂಬತ್ತು ಮೀಟರ್ ಉದ್ದದ ಜಾಗ. ಹಾಕಿ ನೋಡಲು ಮರೆಯಿಲ್ಲ. ಮರೆ ಕಟ್ಟಬಹುದಾಗಿದ್ದ ಮೂಲೆಯಲ್ಲಿ ಇಡೀ ಕಟ್ಟಡದ ವಿದ್ಯುತ್ ಮೀಟರುಗಳಿವೆ. ಅದಕ್ಕೆ ಅತ್ತಿಗೆಯೇ ದಾರಿ ಕಂಡುಹಿಡಿದಿದ್ದರು. ಕಂಪನಿಯ ಲೇಬಲ್ಲಿಗೆ ಅರ್ಥವಿಲ್ಲ, ಹತ್ತು ಸಲ ಒಗೆದ ಬಟ್ಟೆ ಹಿಗ್ಗಿರುತ್ತದೆ ಅಥವಾ ಕುಗ್ಗಿರುತ್ತದೆ. ಆದ್ದರಿಂದ ಪ್ರತಿಯೊಂದನ್ನೂ ಮೇಜಿನ ಮೇಲೆ ಹಾಸಿ, ಸೊಂಟ, ಎದೆ, ಉದ್ದ ಅಳೆದು, ಸೆಂಟಿಮೀಟರಿನಲ್ಲಿ ಚೀಟಿಗೆ ಬರೆದು ಪಿನ್ ಮಾಡುವುದು. ತನ್ನ ಅಳತೆ ತನಗೆ ಗೊತ್ತಿದ್ದರೆ ಹಾಕಿ ನೋಡುವ ಅಗತ್ಯವೇ ಇಲ್ಲ. ಮೊದಲ ವರ್ಷ ಜನ ನಮ್ಮನ್ನು ಹುಡುಕಿ ಬಂದದ್ದು ಇದಕ್ಕೇ. ಕಳೆದ ಫೆಬ್ರವರಿಯಲ್ಲಿ ನಾನು ಒಂದು ಹಲಗೆ ಬರೆಸಿ ಬಾಗಿಲಿಗೆ ನೇತುಹಾಕಿದೆ: "ಲೇಬಲ್ ಸುಳ್ಳು ಹೇಳಬಹುದು. ನಮ್ಮ ಟೇಪು ಹೇಳುವುದಿಲ್ಲ." ಬರೆದಾಗ ಬಹಳ ಹೆಮ್ಮೆಯಾಗಿತ್ತು.

ಯಜಮಾನರು ಗಡುವು ಕೊಟ್ಟ ವಾರ ನನಗೆ ತಿಳಿದದ್ದನ್ನೆಲ್ಲ ಮಾಡಿದೆ. ಕಿಟಕಿಯ ಬೊಂಬೆಗಳಿಗೆ ದಿನಕ್ಕೊಂದು ಉಡುಪು ತೊಡಿಸಿದೆ. ಗುರುವಾರ ಮಧ್ಯಾಹ್ನ ಮೂರಕ್ಕೆ ಸರಿಯಾಗಿ ಹೊಸ ಸಾಲು ತೂಗುಹಾಕುತ್ತೇವೆಂದು ಸುತ್ತಲಿನ ನಾಲ್ಕು ಬೀದಿಗಳಿಗೆ ಕರಪತ್ರ ಹಂಚಿದೆ. ಹದಿನೆಂಟನೆಯ ತಾರೀಖು, ಶನಿವಾರ, ನೂರ ನಾಲ್ಕು ಜನ ಬಂದರು. ಆದರೆ ಅವರಲ್ಲಿ ಹಳೆಯ ಮುಖಗಳು ಹದಿಮೂರೇ. ತಳ ಒಡೆದ ಕೊಡಕ್ಕೆ ನೀರು ಹೊಯ್ಯುತ್ತಿದ್ದೇನೆ ಎನ್ನಿಸಿತು.

ಕಾರಣ ಅತ್ತಿಗೆಯ ಬಾಯಿ ಎಂದುಕೊಂಡೆ. ಅಂದೇ ಒಬ್ಬಾಕೆ ಹಸಿರು ಅಂಗಿ ಹಿಡಿದು ಕನ್ನಡಿ ನೋಡುತ್ತಿದ್ದಾಗ, "ಬೇಡ ಬಿಡಿ, ಜ್ವರ ಬಿಟ್ಟು ಎದ್ದು ಬಂದ ಹಾಗೆ ಕಾಣ್ತೀರಿ" ಎಂದಿದ್ದರು. ಅಂಗಡಿ ಮುಚ್ಚುವಾಗ ನಾನು ಸುಮ್ಮನಿರಲಿಲ್ಲ.

"ಹೀಗೆ ಮಾತಾಡಿದ್ರೆ ಯಾರು ತಿರುಗಿ ಬರ್ತಾರೆ ಅತ್ತಿಗೆ?"

"ಮೂವತ್ತು ವರ್ಷ ಹೀಗೇ ಮಾತಾಡಿದೀನಿ. ನನ್ನ ಬಾಯಿಗೆ ಬೈಕೊಂಡು ನನ್ನ ಅಳತೆಗೆ ಬರ್ತಿದ್ರು."

"ಈಗ ಬರ್ತಿಲ್ವಲ್ಲ!"

"ಹಾಗಾದ್ರೆ ನಾನೇ ಶನಿ ಅನ್ನು." ಕೊರಳಿನ ಟೇಪು ಸರಿಮಾಡಿಕೊಂಡು ಹೊರಟರು. ಮುಂದಿನ ಎರಡು ದಿನ ನಮ್ಮ ಮಧ್ಯೆ ಮಾತಿಲ್ಲ. ಚಹಾ ಲೋಟವನ್ನು ಮಾತ್ರ ಮೇಜಿಗೆ ಕುಕ್ಕಿ ಹೋಗುತ್ತಿದ್ದರು.

ಸೋಮವಾರ ರಜೆ. ಗಿರಾಕಿ ಕಾರ್ಡುಗಳ ಪುಸ್ತಕ ತೆಗೆದು ಕುಳಿತೆ. ಪ್ರತಿ ಗಿರಾಕಿಗೂ ಒಂದು ಕಾರ್ಡು ಕೊಟ್ಟಿರುತ್ತೇವೆ. ಆರು ತೂತು ಬಿದ್ದರೆ ಏಳನೆಯ ಬಟ್ಟೆ ಉಚಿತ. ಯಾವ ಕಾರ್ಡು, ಯಾವ ದಿನ, ಯಾವ ಬಟ್ಟೆ ಎಂದು ನಾನು ಬರೆದಿಟ್ಟುಕೊಳ್ಳುತ್ತೇನೆ. ಮೇ ತಿಂಗಳವರೆಗೆ, ಒಮ್ಮೆ ಕೊಂಡವರಲ್ಲಿ ನೂರಕ್ಕೆ ನಲವತ್ತಾರು ಜನ ಮೂವತ್ತು ದಿನದೊಳಗೆ ಮತ್ತೆ ಬಂದಿದ್ದರು. ಜೂನ್ ಮಧ್ಯದ ನಂತರ ಇಪ್ಪತ್ತೊಂದು. ಇಲ್ಲಿಯವರೆಗೆ ನನಗೆ ಗೊತ್ತಿದ್ದದ್ದೇ. ಅಂದು ಕೊಂಡ ಬಟ್ಟೆಯ ಪ್ರಕಾರ ಬೇರೆ ಬೇರೆ ಮಾಡಿ ನೋಡಿದೆ. ಕೋಟು, ಅಂಗಿ, ಚೀಲ ಕೊಂಡವರಲ್ಲಿ ನೂರಕ್ಕೆ ನಲವತ್ತನಾಲ್ಕು ಜನ ಮರಳಿದ್ದರು, ಹಿಂದಿನಂತೆಯೇ. ಪ್ಯಾಂಟು, ಲಂಗ ಕೊಂಡವರಲ್ಲಿ ಆರು.

ಆರು ಎಂಬ ಅಂಕಿಯನ್ನು ಎರಡು ಸಲ ಲೆಕ್ಕ ಹಾಕಿದೆ. ಅತ್ತಿಗೆಯ ಬಾಯಿಗೆ ಪ್ಯಾಂಟು ಯಾವುದು, ಕೋಟು ಯಾವುದು ಎಂಬ ಭೇದವಿಲ್ಲ. ಬೈದಿದ್ದರೆ ಎಲ್ಲರನ್ನೂ ಒಂದೇ ಸಮ ಬೈದಿರುತ್ತಾರೆ.

ಮರುದಿನ ಬೆಳಿಗ್ಗೆ ಬೀದಿಯ ತುದಿಯ ಬ್ರೆಡ್ ಅಂಗಡಿಗೆ ಹೋದೆ. ಅದನ್ನು ನಡೆಸುವಾಕೆ ಮೊದಲು ವಾರ ತಪ್ಪದೆ ಬರುತ್ತಿದ್ದಳು, ಆಗಸ್ಟಿನಿಂದ ಕಾಲಿಟ್ಟಿರಲಿಲ್ಲ. ನನ್ನನ್ನು ನೋಡಿ, ಏನನ್ನೋ ಕದ್ದು ಸಿಕ್ಕಿಬಿದ್ದವಳಂತೆ ಗಲ್ಲಾ ಪೆಟ್ಟಿಗೆಯನ್ನು ಒರೆಸತೊಡಗಿದಳು.

"ಅತ್ತಿಗೆ ಏನಾದ್ರೂ ಅಂದ್ರಾ?"

"ಅಯ್ಯೋ, ಅವರು ಅಂದಿದ್ದಕ್ಕೆಲ್ಲ ಬೇಜಾರು ಮಾಡ್ಕೊಂಡ್ರೆ ಆಯ್ತು!" ಸುತ್ತ ನೋಡಿ ದನಿ ತಗ್ಗಿಸಿದಳು. "ನಾನೇ ಬರ್ಲಿಲ್ಲ. ನಾಚಿಕೆ. ನಿಮ್ಮಲ್ಲಿ ಕೊಂಡ ಪ್ಯಾಂಟು ಎಪ್ಪತ್ತೊಂಬತ್ತು. ನಂದು ಯಾವತ್ತೂ ಎಪ್ಪತ್ತೆಂಟು, ಎಪ್ಪತ್ತೊಂಬತ್ತೇ. ಮನೇಲಿ ಹಾಕ್ಕೊಂಡ್ರೆ ಗುಂಡಿ ಮುಟ್ಟಲ್ಲ! ದಪ್ಪ ಆಗ್ಬಿಟ್ಟಿದೀನಿ. ಎರಡು ತಿಂಗಳಿಂದ ಬ್ರೆಡ್ ಬಿಟ್ಟಿದೀನಿ. ಬ್ರೆಡ್ ಮಾರೋಳು ಬ್ರೆಡ್ ತಿನ್ನಲ್ಲ ಅಂದ್ರೆ ಗಿರಾಕಿಗಳು ಏನಂದ್ಕೋತಾರೆ ಹೇಳಿ?"

"ಆ ಪ್ಯಾಂಟು ಇದೆಯಾ?"

ಮಹಡಿಯ ಮನೆಯಿಂದ ತಂದುಕೊಟ್ಟಳು. ಚೀಟಿ ಇನ್ನೂ ಹಾಗೇ ಇತ್ತು. ನನ್ನ ಚೀಲದಲ್ಲಿ ಮೂವತ್ತು ಸೆಂಟಿಮೀಟರಿನ ಉಕ್ಕಿನ ಪಟ್ಟಿ ಸದಾ ಇರುತ್ತದೆ. ಪ್ಯಾಂಟನ್ನು ಕಟ್ಟೆಯ ಮೇಲೆ ಹಾಸಿ, ಗುರುತು ಮಾಡಿಕೊಂಡು ಎರಡು ಸಲದಲ್ಲಿ ಅಳೆದೆ. ಅಡ್ಡಕ್ಕೆ ಮೂವತ್ತೆಂಟು. ಸುತ್ತಳತೆ ಎಪ್ಪತ್ತಾರು. ಚೀಟಿಯಲ್ಲಿ ಅತ್ತಿಗೆಯ ದುಂಡನೆಯ ಅಕ್ಷರದಲ್ಲಿ ಎಪ್ಪತ್ತೊಂಬತ್ತು.

ಅಂಗಡಿಗೆ ಓಡುತ್ತಲೇ ಬಂದೆ. ಅತ್ತಿಗೆ ಹಿಂದಿನ ಕೋಣೆಯಲ್ಲಿ ಮೇಜಿನ ಮುಂದೆ ನಿಂತಿದ್ದರು. ಎಡಗೈ ಹೆಬ್ಬೆರಳು ಟೇಪಿನ ತುದಿಯನ್ನು ಬಟ್ಟೆಯ ಅಂಚಿಗೆ ಒತ್ತಿ ಹಿಡಿದಿತ್ತು. ಕಣ್ಣು ಅಂಕಿಗಳ ಕಡೆಗಿತ್ತು, ಹೆಬ್ಬೆರಳ ಕಡೆಗಲ್ಲ.

"ಅತ್ತಿಗೆ, ಟೇಪು ಕೊಡಿ."

"ಮಾತು ಬಂತಾ ಬಾಯಿಗೆ? ಯಾಕೆ?"

"ಕೊಡಿ ಸ್ವಲ್ಪ."

ಟೇಪನ್ನು ಉಕ್ಕಿನ ಪಟ್ಟಿಯ ಪಕ್ಕಕ್ಕೆ ಹಾಸಿದೆ. ಎರಡರ ತುದಿಯನ್ನೂ ಕೂಡಿಸಿ ಹಿಡಿದೆ. ಪಟ್ಟಿಯ ಇಪ್ಪತ್ತೆಂಟೂವರೆಯ ಎದುರಿಗೆ ಟೇಪಿನ ಮೂವತ್ತು ಬಂದಿತ್ತು. ಟೇಪಿನ ತುದಿಯಲ್ಲಿ ಹಿತ್ತಾಳೆಯ ತಗಡಿರಲಿಲ್ಲ. ಕತ್ತರಿಯಿಂದ ನೇರವಾಗಿ ಕತ್ತರಿಸಲಾಗಿತ್ತು.

ಅತ್ತಿಗೆ ಆ ತುದಿಯನ್ನು ಹೆಬ್ಬೆರಳಿನಿಂದ ಸವರಿದರು.

"ತಗಡು ಸಡಿಲಾಗಿ ಉಣ್ಣೆ ಬಟ್ಟೆಯ ಎಳೆ ಕಿತ್ತು ಬರ್ತಿತ್ತು," ಎಂದರು. "ಜೂನ್ ಹತ್ತು. ಆ ದಿನ ಸ್ವೆಟರಿನ ಮೂಟೆ ಬಂದಿತ್ತು. ಕತ್ತರಿಸ್ದೆ. ಒಂದೂವರೆ ಕಳೀಬೇಕು ಅಂತ ಗೊತ್ತಿತ್ತು ಕಣೇ. ಒಂದು ವಾರ ಹಾಗೇ ಕಳೆದು ಬರೆದೆ. ಆಮೇಲೆ..." ತಮ್ಮ ಎಡಗೈಯನ್ನು ತಿರುಗಿಸಿ ನೋಡಿಕೊಂಡರು. "ಮೂವತ್ತೊಂದು ವರ್ಷ ಈ ಬೆರಳು ತುದಿ ಹುಡುಕಿದೆ. ತುದೀನೇ ಸೊನ್ನೆ ಅನ್ನೋದು ಅದರ ಅಭ್ಯಾಸ, ತಲೆ ಕಳೆಯೋದು ಮರೀತು."

ಅಡ್ಡಕ್ಕೆ ಒಂದೂವರೆ; ಸುತ್ತಳತೆಗೆಂದು ಇಮ್ಮಡಿ ಮಾಡಿದರೆ ಮೂರು. ಅಂಗಿ, ಕೋಟುಗಳು ಸಡಿಲ, ಮೂರು ಸೆಂಟಿಮೀಟರ್ ಅವುಗಳಲ್ಲಿ ಎಲ್ಲೋ ಕರಗಿಹೋಗುತ್ತದೆ. ಸೊಂಟದ ಗುಂಡಿಯಲ್ಲಿ ಕರಗುವುದಿಲ್ಲ. ಬಟ್ಟೆ ತಪ್ಪಾಗಿದೆ ಎಂದು ಒಬ್ಬರೂ ಬಂದು ಜಗಳ ಮಾಡಲಿಲ್ಲ, ಯಾಕೆಂದರೆ ನಮ್ಮ ಟೇಪು ಸುಳ್ಳು ಹೇಳುವುದಿಲ್ಲ ಎಂದು ನಾನು ಬಾಗಿಲ ಮೇಲೆ ಬರೆಸಿದ್ದೆ. ಎಲ್ಲರೂ ತಮ್ಮ ಹೊಟ್ಟೆಯನ್ನೇ ಅನುಮಾನಿಸಿ ಮನೆಯಲ್ಲಿ ಕುಳಿತರು. ಅಳೆಯುವ ಮೊದಲು ಉಪಕರಣದ ಸೊನ್ನೆ ನೋಡಿ ಎಂದು ಎಂಟು ವರ್ಷ ವಿದ್ಯಾರ್ಥಿಗಳಿಗೆ ಹೇಳಿದವಳು ನಾನು. ನಮ್ಮ ಅಂಗಡಿಯ ಟೇಪಿನ ಸೊನ್ನೆ ಒಮ್ಮೆಯೂ ನೋಡಿರಲಿಲ್ಲ.

"ಹೊಸ ಟೇಪು ತಗೋ," ಎಂದರು ಅತ್ತಿಗೆ. "ಚೀಟಿಗಳನ್ನೆಲ್ಲ ಬದಲಾಯಿಸೋಣ. ಯಾರಿಗೂ ಹೇಳೋದು ಬೇಡ."

"ಮನೇಲಿ ಕೂತಿರೋರು ಹೇಗೆ ಬರ್ತಾರೆ ಅತ್ತಿಗೆ? ಅವರಿಗೆ ಗೊತ್ತಾಗ್ಬೇಕಲ್ಲ."

"ಊರಿಗೆಲ್ಲ ಡಂಗುರ ಹೊಡೀಬೇಕಾ? ಈ ಕೈ ಹೋಯ್ತು. ಇವಳಿಗೆ ಅಳತೆನೂ ಬರಲ್ಲ ಅಂತಾದ್ರೆ ಇನ್ನೇನು ಉಳೀತು ನಂಗೆ?"

ಆ ಹೊತ್ತಿಗೆ ಉಳಿದಿದ್ದದ್ದು ಹನ್ನೊಂದು ದಿನ.

ಎರಡು ದಿನ ಅಂಗಡಿಯಲ್ಲಿದ್ದ ನಾನೂರ ಹನ್ನೆರಡು ಬಟ್ಟೆಗಳನ್ನೂ ಮತ್ತೆ ಅಳೆದೆವು. ಅತ್ತಿಗೆ ಹೊಸ ಟೇಪು ಹಿಡಿದು ಅಂಕಿ ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ. ಶುಕ್ರವಾರ ಬೆಳಿಗ್ಗೆ ನಾನು ಬರುವಷ್ಟರಲ್ಲಿ ಅವರು ಬಾಗಿಲ ಹಲಗೆಯನ್ನು ಇಳಿಸಿ ಹಿಂದುಮುಂದಾಗಿ ಮೇಜಿನ ಮೇಲಿಟ್ಟಿದ್ದರು. ಹಳೆಯ ಟೇಪನ್ನೂ, ಎಲ್ಲಿಂದಲೋ ತಂದ ಒಂದು ಮರದ ಅಳತೆಪಟ್ಟಿಯನ್ನೂ ಪಕ್ಕಪಕ್ಕ ಇಟ್ಟು ಸಣ್ಣ ಮೊಳೆ ಹೊಡೆಯುತ್ತಿದ್ದರು. ಕೈ ನಡುಗಿ ಸುತ್ತಿಗೆ ಎರಡು ಸಲ ಬೆರಳಿಗೆ ಬಿದ್ದಿತ್ತು.

"ಓದೋರು ಓದ್ಲಿ, ಓದದೋರು ನೋಡ್ಲಿ," ಎಂದರು. "ಕೆಳಗೆ ನೀನು ಬರಿ. ಚಂದದ ಮಾತು ಬೇಡ. ನಿನ್ನ ಚಂದದ ಮಾತು ಸಾಕಾಗಿದೆ."

ಬರೆದೆ: "ಜೂನ್ ಹದಿನೇಳರಿಂದ ಅಕ್ಟೋಬರ್ ಇಪ್ಪತ್ತೊಂದರ ನಡುವೆ ಇಲ್ಲಿ ಪ್ಯಾಂಟು, ಲಂಗ ಕೊಂಡವರಿಗೆ: ಚೀಟಿಯ ಸೊಂಟದ ಅಳತೆ ಮೂರು ಸೆಂಟಿಮೀಟರ್ ಹೆಚ್ಚಾಗಿ ಬರೆದಿದೆ. ತಪ್ಪು ನಮ್ಮದು. ನೀವು ದಪ್ಪಗಾಗಿಲ್ಲ. ತಂದು ಬದಲಾಯಿಸಿಕೊಳ್ಳಿ."

ಆ ದಿನವಿಡೀ ಅತ್ತಿಗೆಯ ಕೈ ಆಗಾಗ ಕೊರಳಿಗೆ ಹೋಗುತ್ತಿತ್ತು. ಅಲ್ಲಿ ಏನೂ ಇಲ್ಲದ್ದು ಕಂಡು ಕೆಳಗಿಳಿಯುತ್ತಿತ್ತು.

ಶನಿವಾರ, ಇಪ್ಪತ್ತೈದು. ಬಂದವರು ತೊಂಬತ್ತಾರು. ಬಟ್ಟೆ ಹಿಂತಂದವರು ಒಂಬತ್ತು ಜನ. ಎಂಟು ಜನ ನಕ್ಕರು. ಒಂಬತ್ತನೆಯವಳು ನಗಲಿಲ್ಲ. ಇಪ್ಪತ್ತೈದರ ಆಸುಪಾಸಿನ ಹುಡುಗಿ; ಕಪ್ಪು ಲಂಗವನ್ನು ಮೇಜಿನ ಮೇಲೆ ಎಸೆದಳು.

"ಇದನ್ನ ಹಾಕ್ಕೊಂಡು ಸಂದರ್ಶನಕ್ಕೆ ಹೋಗಿದ್ದೆ. ಗುಂಡಿ ಹಾಕಕ್ಕಾಗದೆ ಪಿನ್ ಚುಚ್ಚಿದ್ದೆ. ಕೆಲಸ ಸಿಗ್ಲಿಲ್ಲ. ಲಂಗದಿಂದಾನೇ ಅಂತ ಹೇಳಲ್ಲ. ಆದ್ರೆ ಅವರು ಪ್ರಶ್ನೆ ಕೇಳ್ತಿದ್ರೆ ನಾನು ಪಿನ್ನಿನ ಬಗ್ಗೇನೇ ಯೋಚಿಸ್ತಿದ್ದೆ."

ಅತ್ತಿಗೆಯ ಬಾಯಿಂದ ಏನು ಹೊರಬೀಳುತ್ತದೋ ಎಂದು ನಾನು ಮೇಜಿನ ಕಡೆ ಧಾವಿಸಿದೆ. ಅವರು ಲಂಗ ಎತ್ತಿಕೊಂಡು ಒಳಮಗ್ಗುಲು ನೋಡಿದರು.

"ಒಳಗೆ ಬಟ್ಟೆ ಬಿಟ್ಟಿದಾರೆ. ಹೊಲಿಗೆ ಬಿಚ್ಚಿ ಸೊಂಟ ಅಗಲ ಮಾಡಿ ಕೊಡ್ತೀನಿ. ಬದಲು ಬೇಡ, ಇದೇ ನಿಂಗೆ ಚೆನ್ನಾಗಿರುತ್ತೆ. ಕೂತ್ಕೋಮ್ಮ. ದಾರ ಮಾತ್ರ ನೀನೇ ಪೋಣಿಸ್ಕೊಡ್ಬೇಕು."

ಹತ್ತು ನಿಮಿಷದ ಕೆಲಸಕ್ಕೆ ನಲವತ್ತು ನಿಮಿಷ ಹಿಡಿಯಿತು. ಹುಡುಗಿ ಏಳು ಸಲ ದಾರ ಪೋಣಿಸಿದಳು. ಹೋಗುವಾಗಲೂ ನಗಲಿಲ್ಲ, ಆದರೆ ಕಾರ್ಡಿಗೆ ತೂತು ಹಾಕಿಸಿಕೊಂಡಳು.

ನಂತರದ ವಾರ ನಾನು ಒಂದೇ ಒಂದು ಕರಪತ್ರ ಹಂಚಲಿಲ್ಲ. "ನೀವು ದಪ್ಪಗಾಗಿಲ್ಲ" ಎಂದು ಬ್ರೆಡ್ ಅಂಗಡಿಯವಳು ಚೀಟಿ ಬರೆದು ತನ್ನ ಗಾಜಿನ ಪೆಟ್ಟಿಗೆಗೆ ಅಂಟಿಸಿದಳಂತೆ. ಕೆಳಗೆ ನಮ್ಮ ವಿಳಾಸ. ಅವಳ ಬ್ರೆಡ್ಡೂ ಹೆಚ್ಚು ಹೋಯಿತಂತೆ.

ನವೆಂಬರ್ ಒಂದು. ಹೆಬ್ಬೆರಳಿನಿಂದ ಒತ್ತಿದರೆ ಒಂದೊಂದೇ ಏರುವ ಪುಟ್ಟ ಎಣಿಕೆ ಯಂತ್ರ ಹಿಡಿದು ಹತ್ತಕ್ಕೆ ಬಾಗಿಲಲ್ಲಿ ನಿಂತೆ. ಮಧ್ಯಾಹ್ನ ಹನ್ನೆರಡಕ್ಕೆ ಐವತ್ತೆಂಟು. ಮೂರಕ್ಕೆ ನೂರಾ ಒಂದು. ಮೂರರಿಂದ ನಾಲ್ಕರವರೆಗೆ ಕೇವಲ ಒಂಬತ್ತು ಜನ. ಅತ್ತಿಗೆ ಒಳಗಿನಿಂದ "ಎಷ್ಟೇ?" ಎಂದು ಕೇಳುತ್ತಿದ್ದವರು ಕೇಳುವುದನ್ನೇ ನಿಲ್ಲಿಸಿದರು. ಐದಕ್ಕೆ ನೂರ ಮೂವತ್ತೊಂಬತ್ತು. ಆಗ ಯಜಮಾನರು ತಮ್ಮ ಕುರ್ಚಿ ತಾವೇ ಎತ್ತಿಕೊಂಡು ಬಂದು ಬಾಗಿಲ ಪಕ್ಕ, ಹಲಗೆಯ ಕೆಳಗೇ ಹಾಕಿಕೊಂಡು ಕುಳಿತರು. ಒಳಗೆ ಬರುವ ಪ್ರತಿಯೊಬ್ಬರ ಕೈಯನ್ನೂ ನೋಡಿ ಸಣ್ಣ ಕಾಗದದಲ್ಲಿ ಗೀಟು ಹಾಕುತ್ತಿದ್ದರು.

ಐದೂವರೆ ದಾಟುತ್ತಿದ್ದಂತೆ ನೂರೈವತ್ತು ಬಂತು. ಆರಕ್ಕೆ ನೂರ ಅರವತ್ತೊಂದು.

"ಬಟ್ಟೆ ವಾಪಸು ತಂದೋರು ಎಷ್ಟು?" ಎಂದರು ಯಜಮಾನರು. "ಪುಸ್ತಕದಲ್ಲಿ ಬರೆದಿರ್ತೀರಲ್ಲ."

"ನಲವತ್ತೇಳು," ಎಂದೆ. ಸುಳ್ಳು ಹೇಳಬಹುದಿತ್ತು. ಆದರೆ ಹೊರಗೆ ಆ ಹಲಗೆ ತೂಗುತ್ತಿತ್ತು.

"ನಾನು ಹೇಳಿದ್ದು ಗಿರಾಕಿಗಳು. ಜಗಳ ತೀರಿಸ್ಕೊಳ್ಳೋಕೆ ಬಂದೋರು ಗಿರಾಕಿಗಳಾ? ಅವರನ್ನ ಕಳೆದ್ರೆ ನೂರ ಹದಿನಾಲ್ಕು. ನನಗೇನೂ ಸಂತೋಷ ಇಲ್ಲಮ್ಮ. ಮಾತು ಮಾತೇ."

"ಸಾರ್, ನೀವು ಬಾಗಿಲು ದಾಟ್ಬೇಕು ಅಂದಿರಿ..."

"ಗಿರಾಕಿ ಅಂದೆ." ಕಾಗದ ಮಡಚಿ ಎದ್ದರು. ಏಳುವಾಗ ಎರಡೂ ಕೈಯಿಂದ ಪ್ಯಾಂಟನ್ನು ಮೇಲೆಳೆದುಕೊಂಡರು.

ಅತ್ತಿಗೆ ಹಿಂದಿನ ಕೋಣೆಯ ಬಾಗಿಲಲ್ಲಿ ಬಂದು ನಿಂತಿದ್ದರು. ಅವರ ಕಣ್ಣು ಆ ಪ್ಯಾಂಟಿನ ಮೇಲಿತ್ತು. ಬೂದು ಬಣ್ಣದ್ದು.

"ಎಡಗಡೆ ಜೇಬಿನ ಅಂಚಲ್ಲಿ ನೀಲಿ ದಾರದ ಹೊಲಿಗೆ. ಇವಳು ದಾರ ಪೋಣಿಸಿಕೊಟ್ಲು, ನಾನೇ ಹಾಕಿದ್ದು," ಎಂದರು. "ಜುಲೈ ತಿಂಗಳು. ಚೀಟಿ ತೊಂಬತ್ತೊಂದು. ಸಾರ್, ಬೆಲ್ಟಿನ ಕೆಳಗೆ ಗುಂಡಿ ಹಾಕಿದೀರಾ?"

ಯಜಮಾನರ ಕಿವಿ ಕೆಂಪಾಯಿತು. ಬೆಲ್ಟಿನ ಮೇಲೆ ಕೈಯಿಟ್ಟುಕೊಂಡರು.

"ಒಂದು ವಾರದಿಂದ ಹಲಗೆ ಅಲ್ಲೇ ಇದೆ," ಎಂದರು ಅತ್ತಿಗೆ. ದನಿಯಲ್ಲಿ ಚುಚ್ಚು ಇರಲಿಲ್ಲ. "ಓದಿರ್ತೀರಿ."

"ಓದ್ದೆ." ನೆಲ ನೋಡುತ್ತ ಹೇಳಿದರು, "ಮೂರು ತಿಂಗಳಿಂದ ಸಕ್ಕರೆ ಬಿಟ್ಟಿದೀನಿ. ಬೆಳಿಗ್ಗೆ ಈ ಕಟ್ಟಡನ ಇಪ್ಪತ್ತು ಸುತ್ತು ಹಾಕ್ತೀನಿ. ಹೆಂಡತಿ ಕೇಳಿದ್ರೆ ಡಾಕ್ಟರು ಹೇಳಿದಾರೆ ಅಂತೀನಿ. ಬದಲಾಯಿಸ್ಕೊಳ್ಳೋಕೆ ಬಂದ್ರೆ ಎಲ್ಲರಿಗೂ ಗೊತ್ತಾಗುತ್ತಲ್ಲಮ್ಮ."

"ಬಂದಿದ್ರೆ ನಲವತ್ತೆಂಟನೆಯೋರು ನೀವಾಗ್ತಿದ್ರಿ," ಎಂದೆ. "ನೀವು ನಮ್ಮ ಗಿರಾಕಿ ಹೌದೋ ಅಲ್ವೋ ಸಾರ್?"

ಅವರು ಮಡಚಿದ ಕಾಗದವನ್ನು ಇನ್ನೊಮ್ಮೆ ಮಡಚಿ ಜೇಬಿಗೆ, ನೀಲಿ ಹೊಲಿಗೆಯ ಜೇಬಿಗೆ, ಹಾಕಿಕೊಂಡರು.

"ಆರು ತಿಂಗಳು," ಎಂದರು. "ಆಮೇಲೆ ಮತ್ತೆ ಎಣಿಸೋಣ."

"ಎಣಿಸೋಣ," ಎಂದರು ಅತ್ತಿಗೆ. "ಈಗ ಬೆಲ್ಟು ಬಿಚ್ಚಿ, ಕೈ ಎತ್ತಿ. ಉಸಿರು ಎಳ್ಕೋಬೇಡಿ, ನಂಗೆ ಗೊತ್ತಾಗುತ್ತೆ."

ಹೊಸ ಟೇಪನ್ನು ಅವರ ಸೊಂಟದ ಸುತ್ತ ತಂದರು. ಬಲಗೈ ನಡುಗುತ್ತಿತ್ತು. ಎಡಗೈ ಹೆಬ್ಬೆರಳು ತುದಿಯನ್ನು ಹಿಡಿಯಿತು. ಅತ್ತಿಗೆ ಮೊದಲು ಬಗ್ಗಿ ಆ ಬೆರಳ ಕೆಳಗಿನ ಸೊನ್ನೆಯನ್ನು ನೋಡಿದರು, ಆಮೇಲೆ ಅಂಕಿಯನ್ನು. ನಾನು ಪುಸ್ತಕ ತೆರೆದೆ. ಮೂರು ತಿಂಗಳು ಸಕ್ಕರೆ ಬಿಟ್ಟದ್ದೂ ದಿನಕ್ಕೆ ಇಪ್ಪತ್ತು ಸುತ್ತು ನಡೆದದ್ದೂ ಅಳತೆಯಲ್ಲಿ ಕಾಣಲಿಲ್ಲ. ಸೊಂಟ, ತೊಂಬತ್ತೊಂದು ಸೆಂಟಿಮೀಟರ್.